ಗಿರಣಿ ಸಾತಪ್ಪನ ಮೂರು ವರ್ಷ

ಮುತ್ತಪ್ಪ ತೀರಿಕೊಂಡ ಮೇಲೆ ಮೂಡಲಗಿಯ ಆ ಓಣಿಯಲ್ಲಿ ಜನ ಅವನ ತಮ್ಮ ಸಾತಪ್ಪನನ್ನು ಕಂಡು ಬೆಚ್ಚುವುದು ಶುರುವಾಯಿತು.

ಅಣ್ಣತಮ್ಮಂದಿರ ನಡುವೆ ನಾಲ್ಕು ವರ್ಷದ ಅಂತರವಿತ್ತು, ಆದರೆ ಮುಖ ಮಾತ್ರ ಒಂದೇ. ಅದೇ ಅಗಲ ಹಣೆ, ತುಸು ಎಡಕ್ಕೆ ವಾಲಿದ ಮೂಗು, ನಕ್ಕರೆ ಬಲಗೆನ್ನೆಯಲ್ಲಷ್ಟೇ ಬೀಳುವ ಗುಳಿ. ಇಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತರೆ ಹೆಂಡಂದಿರಿಗೇ ಗುರುತು ಸಿಗುತ್ತಿರಲಿಲ್ಲ ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಮುತ್ತಪ್ಪ ಮಣ್ಣಾದ ಮೇಲೆ ಆ ಚೇಷ್ಟೆ ನಿಂತುಹೋಯಿತು. ಗಿರಣಿಯ ಕತ್ತಲೆಯಿಂದ ಸಾತಪ್ಪ ಬೆಳ್ಳಗೆ ಹೊರಗೆ ಬಂದರೆ, ಜೋಳದ ಡಬ್ಬಿ ಹೊತ್ತು ನಿಂತವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಗಳಿಗೆ ಅಷ್ಟೇ. ಆಮೇಲೆ ಅವರೇ ಸಂಭಾಳಿಸಿಕೊಂಡು, "ಕಡಲಿ ಬೀಸ್ತೀರೇನ್ರಿ ಇವತ್ತ?" ಎಂದು ಏನೋ ಒಂದು ಕೇಳುತ್ತಿದ್ದರು. ಆ ಒಂದು ಗಳಿಗೆ ಸಾತಪ್ಪನಿಗೆ ತಿಳಿಯದೆ ಹೋಗುತ್ತಿರಲಿಲ್ಲ.

ಓಣಿಯ ಕೊನೆಮನೆಯ ಅಲ್ಲವ್ವ ಮುದುಕಿಗೆ ಕಣ್ಣು ಮಂಜು. ಅವಳು ಬಂದಾಗಲೆಲ್ಲ, "ಮುತ್ತಪ್ಪಾ, ಸ್ವಲ್ಪ ನುಣ್ಣಗ ಬೀಸಪಾ" ಎನ್ನುತ್ತಿದ್ದಳು. ಮೊದಮೊದಲು ಸಾತಪ್ಪ ತಿದ್ದುತ್ತಿದ್ದ. "ಆಯಿ, ನಾ ಸಾತಪ್ಪ. ಅಣ್ಣ ಹೋಗ್ಯಾನು." ಮುದುಕಿ "ಅಯ್ಯ ಶಿವನೇ" ಎಂದು ಕಣ್ಣೊರಸಿಕೊಂಡು ಹೋಗಿ, ಮುಂದಿನ ವಾರ ಮತ್ತೆ ಮುತ್ತಪ್ಪಾ ಎಂದೇ ಕರೆಯುತ್ತಿದ್ದಳು. ಕೊನೆಗೆ ಸಾತಪ್ಪ ತಿದ್ದುವುದನ್ನು ಬಿಟ್ಟ. "ಹೂಂ ಆಯಿ" ಎಂದು ಸತ್ತವನ ಹೆಸರಿಗೆ ಓಗೊಡುವುದನ್ನು ರೂಢಿ ಮಾಡಿಕೊಂಡ.

ಎಲ್ಲರಿಗಿಂತ ಕಷ್ಟವಾದದ್ದು ಅತ್ತಿಗೆ ತಾಯವ್ವನಿಗೆ. ಎರಡು ಮನೆಗಳಿಗೂ ಅಂಗಳ ಒಂದೇ. ಮೈದುನ ಎದುರಾದರೆ ಅವಳು ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಸಿಟ್ಟಿನಿಂದಲ್ಲ. ಮಾತಾಡಬೇಕಾದರೆ ಅಂಗಳದ ತುಳಸಿ ಕಟ್ಟೆಯನ್ನು ನೋಡುತ್ತ ಮಾತಾಡುತ್ತಿದ್ದಳು. ಸಾತಪ್ಪನೂ ಅವಳ ಮನೆಯ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಮುತ್ತಪ್ಪ ಸತ್ತದ್ದು ಕರುಳಿನ ಕ್ಯಾನ್ಸರಿನಿಂದ. ಅದಕ್ಕೂ ಆರು ವರ್ಷ ಮೊದಲು ಅವನಿಗೆ ಸಂಡಾಸಿನಲ್ಲಿ ರಕ್ತ ಹೋಗಿತ್ತು. ಮೂಲವ್ಯಾಧಿ ಇರಬೇಕೆಂದು ಗಿಡಮೂಲಿಕೆ ತಿಂದ, ಮಜ್ಜಿಗೆ ಕುಡಿದ. ನಿಲ್ಲಲಿಲ್ಲ. ಕಡೆಗೆ ಗೋಕಾಕಕ್ಕೆ ಹೋದಾಗ ಅಲ್ಲಿಯ ಡಾಕ್ಟರು ಹಿಂದಿನಿಂದ ಕ್ಯಾಮೆರಾ ಇರುವ ನಳಿಗೆ ಹಾಕಿ ನೋಡಿದರು. ಕರುಳಿನ ಒಳಗೋಡೆಗೆ ಅಣಬೆಯ ಹಾಗೆ ಒಂದು ಗಂಟು ಎದ್ದಿತ್ತು. ಪಾಲಿಪ್ ಎಂದರು. ಅದೇ ನಳಿಗೆಯಲ್ಲಿ ತಂತಿ ಇಳಿಬಿಟ್ಟು ಅದನ್ನು ಕತ್ತರಿಸಿ ತೆಗೆದರು. ಡಾಕ್ಟರು ಹುಕ್ಕೇರಿ ಕಡೆಯ ಜೈನರ ಹೆಣ್ಣುಮಗಳು, ತ್ರಿಶಲಾ ಅಂತ ಹೆಸರು. ಮುತ್ತಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಇದು ಕ್ಯಾನ್ಸರ್ ಅಲ್ಲ. ಬಿಟ್ಟಿದ್ರ ಆಗ್ತಿತ್ತು. ಇಂಥಾವು ಮತ್ತ ಏಳತಾವು. ಮೂರ ವರ್ಷಕ್ಕ ಮತ್ತ ನೋಡಬೇಕು. ಆರಾಮ ಇದ್ರೂ ಬರಬೇಕ್ರಿ."

ಮೂರು ವರ್ಷಕ್ಕೆ ಮುತ್ತಪ್ಪ ಆರಾಮಾಗಿದ್ದ. ಆಸ್ಪತ್ರೆಯಿಂದ ಫೋನು ಬಂದಾಗ ಅಂಗಳದಲ್ಲಿ ನಿಂತು ನಗುತ್ತಲೇ ಮಾತಾಡಿದ್ದ. ಹಬ್ಬ ಮುಗಿಯಲಿ ಎಂದ. ಹಬ್ಬ ಮುಗಿಯಿತು, ಸುಗ್ಗಿ ಬಂತು. ಗಿರಣಿಯ ಕಲ್ಲು ಬದಲಿಸಿದರು. ಮತ್ತೆ ಮೂರು ವರ್ಷ ಹೋದದ್ದೇ ತಿಳಿಯಲಿಲ್ಲ. ಹೊಟ್ಟೆ ಕಟ್ಟಿಕೊಂಡು, ಮೈ ಇಳಿದು, ತಾನಾಗಿಯೇ ಡಾಕ್ಟರ ಮುಂದೆ ಹೋಗಿ ಕುಳಿತಾಗ ಅದು ಕ್ಯಾನ್ಸರಾಗಿ ಲಿವರಿಗೂ ಹತ್ತಿತ್ತು.

ಕೊನೆಯ ತಿಂಗಳುಗಳಲ್ಲಿ ಮುತ್ತಪ್ಪ ಗಿರಣಿಯಲ್ಲೇ ಮಂಚ ಹಾಕಿಸಿಕೊಂಡಿದ್ದ. ಹಿಟ್ಟಿನ ವಾಸನೆ ಇದ್ದರೆ ಜೀವ ತಡೆಯುತ್ತದೆ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೋಟರಿನ ಪಟ್ಟಾ ಜೋತುಬಿದ್ದು, ಕಲ್ಲು ಉಸಿರು ಬಿಟ್ಟಂತೆ ನಿಂತಿತು. ಆ ಮೌನದಲ್ಲಿ ಮುತ್ತಪ್ಪ ಅಂದ: "ಆ ಡಾಕ್ಟರಬಾಯಿ ಮೂರ ವರ್ಷಕ್ಕ ಬಾ ಅಂದಿದ್ಲು. ನಾ ಮರತಿರಲಿಲ್ಲೋ ಸಾತಪ್ಪಾ. ದಿನಾ ನೆನಪಿತ್ತು. ದಿನಾ, ನಾಳಿ ಹೋದರಾತು ಅಂದೆ."

ಸಾತಪ್ಪ ಅಣ್ಣನ ಪಾದ ಒತ್ತುತ್ತ ಕುಳಿತ. ಆ ಪಾದಗಳೂ ತನ್ನವೇ ಇದ್ದಂತಿದ್ದವು.

ಮುತ್ತಪ್ಪನ ದಿನಕರ್ಮ ಮುಗಿದ ವಾರ ತಾಯವ್ವ ತುಳಸಿ ಕಟ್ಟೆಯ ಕಡೆ ನೋಡುತ್ತ ಹೇಳಿದಳು: "ಡಾಕ್ಟರ್ ನನಗ ಹೇಳ್ಯಾರು. ಒಡಹುಟ್ಟಿದವರೂ ತೋರಿಸಿಕೋಬೇಕಂತ. ನೀ ಹೋಗು ಸಾತಪ್ಪಾ. ನಾಳೆ ನಾಡದ ಅನಬ್ಯಾಡ."

ಹೆಂಡತಿ ಶಿವಗಂಗವ್ವನನ್ನು ಕರೆದುಕೊಂಡು ಸಾತಪ್ಪ ಹೋದ. ಅವನ ಕರುಳಿನಲ್ಲೂ ಗಂಟು ಇತ್ತು. ಅಣ್ಣನಿಗೆ ಎದ್ದಂಥದೇ. ತೆಗೆದರು. ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಇಲ್ಲ ಎಂದರು. ಆಮೇಲೆ ಡಾಕ್ಟರು ಅದೇ ಮಾತನ್ನು ಅದೇ ಕುರ್ಚಿಯಲ್ಲಿ ಕುಳಿತು ಹೇಳಿದರು: "ಮೂರ ವರ್ಷಕ್ಕ ಬರಬೇಕ್ರಿ."

ಅಲ್ಲಿಂದ ಸಾತಪ್ಪನಿಗೆ ಅಣ್ಣ ಬೆನ್ನು ಹತ್ತಿದ.

ಗಿರಣಿ ತಿರುಗುವಾಗ ಆ ಗರಗರ ಸದ್ದಿನೊಳಗೆ ಯಾರೋ ಕೆಮ್ಮಿದಂತಾಗುತ್ತಿತ್ತು. ಮೋಟರು ನಿಲ್ಲಿಸಿ ಕಿವಿಗೊಟ್ಟರೆ ಏನೂ ಇಲ್ಲ. ಮಂಚ ಇದ್ದ ಮೂಲೆಯಲ್ಲಿ ಈಗ ಗೋವಿನಜೋಳದ ಚೀಲ ಒಟ್ಟಿದ್ದರು. ಆದರೂ ಆ ಕಡೆ ಬೆನ್ನು ಮಾಡಿ ನಿಲ್ಲಲು ಮನಸ್ಸಾಗುತ್ತಿರಲಿಲ್ಲ. ಗಡ್ಡ ಕೆರೆದುಕೊಳ್ಳಲು ಕನ್ನಡಿ ಹಿಡಿದರೆ ಅಲ್ಲಿ ಅಣ್ಣ. ಕೊನೆಗಾಲದ ಅಣ್ಣನಲ್ಲ, ಆಗಿನ್ನೂ ಗಟ್ಟಿಮುಟ್ಟಾಗಿದ್ದ, ಒಳಗೆ ಏನು ಬೆಳೆಯುತ್ತಿದೆಯೆಂದು ಗೊತ್ತಿಲ್ಲದ ಅಣ್ಣ. ಸಾತಪ್ಪ ಮನೆಯಲ್ಲಿ ಗಡ್ಡ ಕೆರೆದುಕೊಳ್ಳುವುದನ್ನು ಬಿಟ್ಟು ಸಂತೆಯ ದಿನ ಕ್ಷೌರದಂಗಡಿಗೆ ಹೋಗತೊಡಗಿದ. ಅಲ್ಲಿಯೂ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ.

ಹೊಟ್ಟೆಯಂತೂ ಅವನ ವೈರಿಯಾಯಿತು. ಗುಡುಗುಟ್ಟಿದರೆ ಅದೇ ಇರಬೇಕು ಎನಿಸುತ್ತಿತ್ತು. ಸುಮ್ಮನಿದ್ದರೂ ಅದೇ. ಖಾರ ಬಿಟ್ಟ, ಚಹಾ ಬಿಟ್ಟ. ರೊಟ್ಟಿ ಮುರಿಯುವಾಗ ಕೈ ತಡೆಯುತ್ತಿತ್ತು. "ಹಿಂಗ ಉಪವಾಸ ಬಿದ್ರ ಅದಕ್ಕಿಂತ ಮೊದಲ ಹೋಗ್ತೀರಿ" ಎಂದು ಶಿವಗಂಗವ್ವ ಬೈದು, ತಾಟಿನ ಮುಂದೆಯೇ ಕುಳಿತು ಉಣಿಸುತ್ತಿದ್ದಳು.

ಆರು ತಿಂಗಳಾಗುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಗೋಕಾಕದ ಬಸ್ಸು ಹತ್ತಿದ.

ಡಾಕ್ಟರು ಅವನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ರಕ್ತ ಹೋಗುತ್ತದೆಯೇ, ತೂಕ ಇಳಿದಿದೆಯೇ, ಸಂಡಾಸಿನ ರೂಢಿ ಬದಲಾಗಿದೆಯೇ ಎಂದು ಒಂದೊಂದಾಗಿ ಕೇಳಿದರು. ಏನೂ ಇರಲಿಲ್ಲ.

"ಮತ್ತ ಯಾಕ ಬಂದ್ರಿ ಸಾತಪ್ಪನವರ?"

"ಆ ನಳಿಗಿ ಹಾಕಿ ಮತ್ತೊಮ್ಮೆ ನೋಡ್ರಿ ಬಾಯಾರ. ವರ್ಷಕ್ಕ ಎರಡ ಸಲ ನೋಡ್ರಿ. ನಾ ಬರ್ತೇನಿ, ನನಗ ಏನೂ ತ್ರಾಸಿಲ್ಲ."

"ನಾ ನೋಡೂದಿಲ್ರಿ."

ಸಾತಪ್ಪ ಎದ್ದು ಕುಳಿತ. ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕೇಳ್ರಿ. ನಾನೂ ಒಕ್ಕಲುತನದ ಮನಿಯಾಕಿ. ಹಚ್ಚಿದ ಕಬ್ಬಿನ ಬುಡಾ ದಿನಾ ಕೆದರಿ ನೋಡಿದ್ರ ಅದು ಉಳೀತೈತೇನ್ರಿ? ಈ ಗಂಟು ಒಂದ ದಿನದಾಗ ಏಳೂದಿಲ್ಲ, ವರ್ಷಗಟ್ಟಲೆ ಹಿಡೀತೈತಿ. ಅದಕ್ಕ ಲೆಕ್ಕಾ ಹಾಕೇ ಮೂರ ವರ್ಷ ಅಂತ ಹೇಳೂದು. ಇನ್ನ ಆ ನಳಿಗಿ ಅಂದ್ರ ಆಟ ಅಲ್ಲ. ಅಪರೂಪಕ್ಕ ಕರುಳಿಗೆ ತೂತ ಬೀಳ್ತೈತಿ, ರಕ್ತ ಹರೀತೈತಿ. ಬೇಕಾದಾಗ ಆ ಧೈರ್ಯಾ ಮಾಡೋಣು, ಬ್ಯಾಡಾದಾಗ ಯಾಕ? ರಕ್ತ ಕಂಡ್ರ, ಮೈ ಇಳದ್ರ, ಅವತ್ತ ಬರ್ರಿ, ತಡಾ ಮಾಡಬ್ಯಾಡ್ರಿ. ಇಲ್ಲಾಂದ್ರ ಮೂರ ವರ್ಷಕ್ಕ. ಮೊದಲೂ ಬ್ಯಾಡ, ಆಮ್ಯಾಲೂ ಬ್ಯಾಡ."

"ಅಲ್ಲೀತನಕ ನಾ ಹೆಂಗ ಇರ್ಲಿ?"

ಹೊರಗೆ ಯಾರದೋ ಮಗು ಅಳುತ್ತಿತ್ತು. "ನಿಮ್ಮ ಅಣ್ಣಾರು ನನಗ ಇನ್ನೂ ನೆನಪ ಅದಾರು" ಎಂದರು ಡಾಕ್ಟರು ಮೆಲ್ಲಗೆ. "ನೀವು ಬಾಗಲಾಗ ಬಂದು ನಿಂತಾಗ ನನಗೂ ಎದಿ ಧಸಕ್ ಅಂತು. ಅಂಜಿಕಿಗೆ ನನ್ನ ಹಂತೇಕ ಔಷಧ ಇಲ್ರಿ. ಅವರಂಗ ನೀವು ಮಾಡಬ್ಯಾಡ್ರಿ, ಅಷ್ಟ."

ಸಾತಪ್ಪ ತಿರುಗಿ ಬಂದ. ಬಸ್ಸಿನ ಕಿಟಕಿಯ ಗಾಜಿನಲ್ಲಿ ದಾರಿಯುದ್ದಕ್ಕೂ ಆ ಮುಖ ಅವನ ಜೊತೆ ಬಂತು.

ಅಂಜಿಕೆಗೂ ದಣಿವಾಗುತ್ತದೆ. ವರ್ಷ ಕಳೆದಂತೆ ಅವನು ಮತ್ತೆ ಖಾರ ತಿಂದ, ಚಹಾ ಕುಡಿದ. ಎರಡನೇ ವರ್ಷ ಅಣ್ಣನ ಮಗಳು ಕಾಜಲ್‌ಳ ಮದುವೆ ಬಂತು. ತಂದೆಯ ಜಾಗದಲ್ಲಿ ಸಾತಪ್ಪ ಕುಳಿತು ಧಾರೆ ಎರೆದ. ಪೇಟಾ ಸುತ್ತಿ, ಹೊಸ ಧೋತರ ಉಟ್ಟು ಅವನು ಹಂದರದೊಳಗೆ ಬಂದಾಗ ಹೆಂಗಸರ ನಡುವಿನಿಂದ ಯಾರದೋ ಬಿಕ್ಕು ಕೇಳಿಸಿತು. ನೀರು ಬಿಡುವಾಗ ಮದುಮಗಳು ಅವನ ಕೈಯ ಕೆಳಗೆ ಕೈ ಹಿಡಿದು, ತಲೆ ಎತ್ತಿ, "ಅಪ್ಪಾ" ಎಂದಳು. ಕಾಕಾ ಎನ್ನಬೇಕಿತ್ತು. ಅವಳು ತಿದ್ದಿಕೊಳ್ಳಲಿಲ್ಲ, ಅವನೂ ತಿದ್ದಲಿಲ್ಲ. ಆ ಹೊತ್ತು ಸಾತಪ್ಪನಿಗೆ ತಾನು ಅಲ್ಲಿ ಕುಳಿತಿಲ್ಲ, ತನ್ನ ಮೈಯನ್ನು ಎರವಲು ಪಡೆದು ಬೇರೆ ಯಾರೋ ಕುಳಿತಿದ್ದಾನೆ ಎನಿಸಿತು. ಊಟದ ಪಂಕ್ತಿಯ ಗದ್ದಲದಲ್ಲೂ ಆ ಭಾವ ಬಿಡಲಿಲ್ಲ. ಎಲ್ಲಿಗೆ ಹೋದರೂ ಇಬ್ಬರು ನಡೆದಂತೆ ಇತ್ತು.

ಮೂರನೇ ವರ್ಷಕ್ಕೆ ಒಂದು ವಿಚಿತ್ರ ನಡೆಯಿತು. ಮೊದಲು ನಳಿಗೆ ಹಾಕಿ ಎಂದು ಗೋಗರೆದವನಿಗೆ ಈಗ ಗೋಕಾಕದ ಹೆಸರೇ ಬೇಡವಾಯಿತು. ಮೈ ಹಗುರವಾಗಿತ್ತು, ಹಸಿವು ಚೆನ್ನಾಗಿತ್ತು, ಹೊಟ್ಟೆಯನ್ನು ಮರೆತು ದಿನಗಟ್ಟಲೆ ಇರುತ್ತಿದ್ದ. ಈಗ ಹೋಗಿ ಯಾಕೆ ಕೆದಕುವುದು? ಹೋದರೆ ಏನೋ ಸಿಕ್ಕೇ ಸಿಗುತ್ತದೆ. ಹೋಗದಿದ್ದರೆ ಅದು ಇಲ್ಲವೇ ಇಲ್ಲ. ಇದನ್ನು ಅವನು ಯಾರೊಡನೆಯೂ ಆಡಲಿಲ್ಲ, ಒಳಗೊಳಗೇ ಗಟ್ಟಿ ಮಾಡಿಕೊಂಡ.

ದಸರೆಯ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಗಿರಣಿಯಲ್ಲಿ ಸದ್ದು ಜಾಸ್ತಿ ಎಂದು ಅವನು ಅಂಗಳಕ್ಕೆ ಬಂದು ಮಾತಾಡಿದ. ಅತ್ತ ಕಡೆಯ ಹುಡುಗಿ ತಾರೀಖು ಹೇಳಿದಳು.

"ನಾ ಆರಾಮ ಅದೇನ್ರಿ" ಎಂದು ಸಾತಪ್ಪ ನಕ್ಕ. "ಈಗ ಗಿರಣಿ ಗದ್ದಲ ಭಾಳ ಐತಿ. ದೀಪಾವಳಿ ಆಗ್ಲಿ, ನಾನಽ ಬರ್ತೇನಿ. ಏನ ಓಡಿ ಹೋಗ್ತೈತೇನ್ರಿ ಅದು?"

ತಾಯವ್ವನ ಅಡುಗೆಮನೆಯಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

ಅವನು ಫೋನು ಇಳಿಸುವಷ್ಟರಲ್ಲಿ ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಕೈತುಂಬ ಹಿಟ್ಟು. ಸೆರಗು ಜಾರಿದ್ದು ಅವಳಿಗೆ ತಿಳಿದಿರಲಿಲ್ಲ. ಕಣ್ಣುಗಳು ಅಂಗಳದಲ್ಲೆಲ್ಲ ಏನನ್ನೋ ಹುಡುಕಿ, ಕಡೆಗೆ ಅವನ ಮೇಲೆ ಬಂದು ನಿಂತವು. ಗಂಡ ಸತ್ತ ಮೇಲೆ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಈಗ ಯಾರ ಮಾತಾಡಿದ್ರು?" ಎಂದಳು.

"ನಾನಽ, ವೈನಿ" ಎಂದ ಸಾತಪ್ಪ ಅತ್ತಿಗೆಗೆ. "ದವಾಖಾನಿ ಫೋನ ಬಂದಿತ್ತು."

"ಅಲ್ಲ." ಅವಳು ಹಿಟ್ಟಿನ ಕೈಯಿಂದ ಅಂಗಳ ತೋರಿಸಿದಳು. "ಅವರಽ ಮಾತಾಡಿದ್ರು. ಇಲ್ಲೇ, ಇದಽ ಜಾಗಾದಾಗ ನಿಂತು. ಇದಽ ನಗಿ. ಆರಾಮ ಅದೇನಿ, ದೀಪಾವಳಿ ಆಗ್ಲಿ, ಓಡಿ ಹೋಗ್ತೈತೇನು. ಒಂದ ಅಕ್ಷರ ಹೆಚ್ಚ ಕಡಿಮಿ ಇಲ್ಲ ಸಾತಪ್ಪಾ. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ಅವತ್ತೂ ಬಡಿಯಾಕತ್ತಿದ್ದೆ."

ಅಣ್ಣನ ಆ ಫೋನಿನ ಮಾತನ್ನು ಸಾತಪ್ಪ ಕೇಳಿಸಿಕೊಂಡವನೇ ಅಲ್ಲ. ಆವತ್ತು ಅವನು ಗಿರಣಿಯೊಳಗಿದ್ದ. ಹಾಗಾದರೆ ಆ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತು? ಅವನು ತನ್ನ ಗಂಟಲನ್ನು ಮುಟ್ಟಿಕೊಂಡ. ತಾನು ಆಡಿದ್ದೆಂದು ತಿಳಿದ ಮಾತು ತನ್ನದಾಗಿರಲಿಲ್ಲ. ಮೂರು ವರ್ಷ ಬೆನ್ನ ಹಿಂದೆ ಇದ್ದವನು ಈಗ ನಾಲಿಗೆಯ ಮೇಲೆ ಬಂದು ಕುಳಿತಿದ್ದ.

"ಒಮ್ಮೆ ಕೇಳಿ ಸುಮ್ಮನ ಕುಂತೆ" ಎಂದಳು ತಾಯವ್ವ. "ಗಂಡಸರ ಮಾತು, ಅವರಿಗೆ ಗೊತ್ತಿರ್ತೈತಿ ಅಂದೆ. ಎರಡನೇ ಸಲ ಕೇಳಾಕ ನನ್ನ ಕಡೆ ಜೀವ ಇಲ್ಲ. ಆ ಫೋನ ಹಚ್ಚು. ನನ್ನ ಮುಂದ ಹಚ್ಚು."

ಹಿಟ್ಟಿನ ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರು. ಶಿವಗಂಗವ್ವ ಹಿತ್ತಲಿನಿಂದ ಬಂದು ಏನಾಯಿತೆಂದು ತಿಳಿಯದೆ ನಿಂತಿದ್ದಳು. ಸಾತಪ್ಪ ಮತ್ತೆ ಅದೇ ನಂಬರಿಗೆ ಫೋನು ಹಚ್ಚಿ, ಅವರು ಮೊದಲು ಹೇಳಿದ ತಾರೀಖಿಗೇ ಬರುತ್ತೇನೆ ಎಂದ. ಅದನ್ನು ಹೇಳುವಾಗ ದನಿ ಒಡೆದು, ಬೇರೆ ಯಾರದೋ ಆದಂತೆ ಕೇಳಿಸಿತು. ತಾಯವ್ವ ಅದನ್ನು ಪೂರ್ತಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಗೋಕಾಕಕ್ಕೆ ಹೋಗುವ ಹಿಂದಿನ ದಿನ ಬರೀ ಗಂಜಿಯ ತಿಳಿ ಮತ್ತು ಎಳನೀರು. ಸಂಜೆಗೊಮ್ಮೆ, ಮರುದಿನ ಬೆಳಗಿನ ಜಾವಕ್ಕೊಮ್ಮೆ ಕರುಳು ತೊಳೆಯುವ ಆ ಉಪ್ಪುಪ್ಪು ಔಷಧದ ನೀರು. ತಂಬಿಗೆ ಹಿಡಿದು ಓಡಾಡಿ ಓಡಾಡಿ ಸಾತಪ್ಪನ ಕಾಲು ಬಿದ್ದುಹೋದವು. ಕೊನೆಗೆ ನೀರಿನಂತೆ ತಿಳಿಯಾದ ಮೇಲೆಯೇ ಶಿವಗಂಗವ್ವ "ಸಾಕು" ಎಂದಳು. ಸರಿಯಾಗಿ ತೊಳೆಯದಿದ್ದರೆ ಒಳಗಿನದು ಕಾಣುವುದಿಲ್ಲ, ಬಂದದ್ದು ವ್ಯರ್ಥ ಎಂದು ಆಸ್ಪತ್ರೆಯವರು ಅವಳಿಗೆ ಚೆನ್ನಾಗಿ ತಾಕೀತು ಮಾಡಿದ್ದರು.

ಹೊರಡುವಾಗ ತಾಯವ್ವನೂ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಳು. ಗಂಡ ಹೋದಾಗಿನಿಂದ ಆ ಆಸ್ಪತ್ರೆಯ ಮೆಟ್ಟಿಲು ಅವಳು ಹತ್ತಿರಲಿಲ್ಲ. "ನಾನೂ ಬರ್ತೇನಿ" ಎಂದಳು. ಯಾರೂ ಬೇಡ ಎನ್ನಲಿಲ್ಲ.

ಒಳಗೆ ಎಡಮಗ್ಗುಲಿಗೆ ಮಲಗಿಸಿ ಕೈಗೆ ಸೂಜಿ ಚುಚ್ಚಿದರು. ಮಂಪರು ಏರುವ ಮೊದಲು ಸಾತಪ್ಪನಿಗೆ ಅನಿಸಿತು, ಈಗ ಅಣ್ಣ ಬರುತ್ತಾನೆ, ಬಂದೇ ಬರುತ್ತಾನೆ. ಇಷ್ಟು ದಿನ ಬೆನ್ನು ಹತ್ತಿದವನು ಇಲ್ಲಿ ಬಿಡುತ್ತಾನೆಯೇ? ಅವನು ಹಲ್ಲು ಕಚ್ಚಿ ಕಾದ. ಯಾರೂ ಬರಲಿಲ್ಲ. ಕಣ್ಣು ಬಿಟ್ಟಾಗ ಆಗಲೇ ಎಲ್ಲ ಮುಗಿದಿತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಯಾಕೋ ಅವನಿಗೆ ಅಣ್ಣ ಬಾರದೆ ಇದ್ದದ್ದೇ ದುಃಖವಾಗಿ ಕಣ್ಣಲ್ಲಿ ನೀರು ಬಂತು.

ಮಂಪರು ಪೂರ್ತಿ ಇಳಿದ ಮೇಲೆ ಡಾಕ್ಟರು ಮೂವರನ್ನೂ ಕರೆದು ಪರದೆಯ ಮೇಲೆ ತೋರಿಸಿದರು. ನಸುಗೆಂಪು ಸುರಂಗ. ಅದರ ಗೋಡೆಯ ಮೇಲೆ ಒಂದು ಕಾಳಿನಷ್ಟು ಚಿಕ್ಕ ಗುಳ್ಳೆ. ಇನ್ನೂ ಒಳಗೆ ಮತ್ತೊಂದು, ದೊಡ್ಡದು, ತೊಟ್ಟಿನ ಮೇಲೆ ನಿಂತಂತೆ. ಮುಂದಿನ ಚಿತ್ರದಲ್ಲಿ ಎರಡೂ ಇರಲಿಲ್ಲ.

"ಹೊಸಾವು" ಎಂದರು ಡಾಕ್ಟರು. "ತಗದೇನಿ. ನೋಡಿದ್ರ ಕೆಟ್ಟದ್ದ ಅನಸೂದಿಲ್ಲ, ಆದ್ರೂ ಪರೀಕ್ಷಾಕ್ಕ ಕಳಸ್ತೇನಿ. ಮತ್ತ ಮೂರ ವರ್ಷಕ್ಕ ಬರ್ರಿ."

"ಈ ದೊಡ್ಡದನ್ನ ಹಂಗಽ ಬಿಟ್ಟಿದ್ರ?" ಸಾತಪ್ಪ ಕೇಳಿದ.

"ಬಿಡ್ಲಿಲ್ಲಲ್ರಿ."

ತಾಯವ್ವ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. "ನಮ್ಮ ಹುಡುಗಿ ಐತಿ ಬಾಯಾರ, ಕಾಜಲ್. ಹೋದ ವರ್ಷ ಲಗ್ನ ಆಗೈತಿ. ಆಕಿಗೆ?"

"ನಲವತ್ತಕ್ಕ ಆಕಿನೂ ತೋರಿಸಿಕೋಬೇಕು. ಆಕಿ ಅಣ್ಣತಮ್ಮಂದಿರು ಇದ್ರ ಅವರೂ. ಅದಕ್ಕಿಂತ ತಡಾ ಬ್ಯಾಡ್ರಿ. ನಡುವ ರಕ್ತಗಿಕ್ತ ಕಂಡ್ರ ಕಾಯೂದಽ ಬ್ಯಾಡ."

ಬಸ್ ಸ್ಟ್ಯಾಂಡಿನ ಬಾಜೂ ಇದ್ದ ಖಾನಾವಳಿಯಲ್ಲಿ ಮೂವರೂ ಕುಳಿತರು. ಸಾತಪ್ಪನಿಗೆ ಮೆತ್ತಗಿನ ಅನ್ನ, ಮಜ್ಜಿಗೆ. ಒಂದೂವರೆ ದಿನದ ಹಸಿವು. ಅವನು ಗಬಗಬ ಉಂಡ. ಶಿವಗಂಗವ್ವ ಮಾಣಿಯನ್ನು ಕರೆದು ಮತ್ತೊಮ್ಮೆ ಅನ್ನ ಹಾಕಿಸಿದಳು. ಹೊರಗೆ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಯಾವ ವಿಶೇಷವೂ ಇಲ್ಲದ ಮಧ್ಯಾಹ್ನ.

ತಾಯವ್ವ ತಾಟು ಮುಟ್ಟಿರಲಿಲ್ಲ. "ಇಷ್ಟಽನಾ?" ಎಂದಳು.

"ಏನಕ್ಕಾ?" ಶಿವಗಂಗವ್ವ ಬಾಗಿ ಕೇಳಿದಳು.

"ಮುಂಜಾನೆ ಬಂದ್ವಿ, ಈಗ ಉಣ್ಣಾಕ ಕುಂತೇವಿ. ಇಷ್ಟಽ ಇತ್ತು? ಇಷ್ಟಕ್ಕಽ ಅವರು..."

ಗಂಡನ ಹೆಣದ ಮುಂದೆಯೂ ಕಲ್ಲಿನಂತೆ ಕುಳಿತಿದ್ದವಳು, ಆ ಖಾನಾವಳಿಯಲ್ಲಿ, ಅಪರಿಚಿತ ಜನರ ನಡುವೆ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಶಿವಗಂಗವ್ವ ಅವಳ ಬೆನ್ನ ಮೇಲೆ ಕೈ ಇಟ್ಟು ಕುಳಿತಳು. ಸಾತಪ್ಪನ ಕೈಯೊಳಗಿನ ತುತ್ತು ಹಾಗೇ ನಿಂತಿತು. ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎನಿಸಿತು. ಉಳಿದವನು ತಾನು.

ಮೂಡಲಗಿಯ ಬಸ್ಸು ಹೊರಟು ಘಟಪ್ರಭೆಯ ಸೇತುವೆ ಹತ್ತಿದಾಗ ತಾಯವ್ವ ಕಿಟಕಿಯಿಂದ ನೀರು ನೋಡುತ್ತಿದ್ದಳು. ಸೇತುವೆ ದಾಟಿದ ಮೇಲೆ ಈ ಕಡೆ ತಿರುಗಿದಳು.

"ಕಾಜಲ್‌ಗ ನಲವತ್ತ ಆಗೂಮಟಾ ನಾ ಇರ್ತೇನೋ ಇಲ್ಲೋ" ಎಂದಳು. "ಆಕಿಗೆ ನೀನಽ ಹೇಳಬೇಕು ಸಾತಪ್ಪಾ. ಕೈ ಹಿಡದ ಕರಕೊಂಡ ಬರಬೇಕು."

ಅದು ಎಷ್ಟು ದೂರದ ಮಾತು ಎಂದು ಸಾತಪ್ಪ ಯೋಚಿಸಿದ. ಅಷ್ಟು ವರ್ಷ ತಾನು ಇರಬೇಕು. ಇರಬೇಕಾದರೆ ನಡುವೆ ಇದೇ ರಸ್ತೆಯಲ್ಲಿ, ಇದೇ ಹಸಿದ ಹೊಟ್ಟೆಯಲ್ಲಿ ಮತ್ತೆ ಮತ್ತೆ ಬರಬೇಕು. ಪ್ರತಿ ಸಲವೂ ಅಂಜುತ್ತಲೇ ಬರಬೇಕು.

"ಹೇಳ್ತೇನಿ ವೈನಿ" ಎಂದ.